ಮುಧೋಳ ನಾಯಿಮರಿ: ಸ್ವಭಾವ ಮತ್ತು ಸಾಕಣೆ

ಮುಧೋಳ ನಾಯಿ ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ ಬೇಟೆ ತಳಿ. ಅಲ್ಲಿನ ಘೋರ್ಪಡೆ ಅರಸರು ಇದನ್ನು ಪೋಷಿಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ತಿಮ್ಮಾಪುರದಲ್ಲಿ ಇದರ ಸಂಶೋಧನಾ ಕೇಂದ್ರವಿದೆ.

ಮರಿ ಸುಮಾರು 2 ವಾರಕ್ಕೆ ಕಣ್ಣು ಬಿಡುತ್ತದೆ. 3ರಿಂದ 14 ವಾರಗಳ ನಡುವಿನ ಕಾಲವೇ ಸ್ವಭಾವಕ್ಕೆ ಬುನಾದಿ. ಆಗ ಮಕ್ಕಳು, ಅಪರಿಚಿತರು, ಕುರಿ, ಕೋಳಿ, ಟ್ರ್ಯಾಕ್ಟರಿನ ಸದ್ದು ಇವೆಲ್ಲ ಅದಕ್ಕೆ ಅಂಜಿಕೆಯಿಲ್ಲದೆ ಪರಿಚಯವಾಗಬೇಕು. ಆಗ ತಪ್ಪಿದ್ದನ್ನು ಮುಂದೆ ತುಂಬಿಕೊಡುವುದು ಬಲು ಕಷ್ಟ. 8 ವಾರ ತುಂಬುವ ಮೊದಲೇ ತಾಯಿಯಿಂದ ಅಗಲಿಸಿದ ಮರಿಗೆ ಕಚ್ಚಿನ ಹದ ತಿಳಿಯದು. ಏಕೆಂದರೆ ಜೋರಾಗಿ ಕಚ್ಚಿದರೆ ಆಟ ನಿಲ್ಲುತ್ತದೆಂಬುದನ್ನು ಮರಿ ಕಲಿಯುವುದು ಒಡಹುಟ್ಟಿದ ಮರಿಗಳೊಡನೆ ಆಡುತ್ತಲೇ.

ಓಡುವುದನ್ನು ಕಂಡರೆ ಬೆನ್ನಟ್ಟುವುದು ಈ ತಳಿಯ ಹುಟ್ಟುಗುಣ. ಹೊಡೆತದಿಂದ ಅದು ಹೋಗದು, ಹೆದರಿಕೆಯಷ್ಟೇ ಬೆಳೆಯುತ್ತದೆ. ಕರೆದಾಗ ಬಂದ ಮರಿಗೆ ಒಂದು ತುಣುಕು ರೊಟ್ಟಿ ಕೊಟ್ಟು ರೂಢಿ ಮಾಡಿಸುವುದೇ ಸರಿಯಾದ ದಾರಿ. ದಿನವಿಡೀ ಸರಪಳಿಯಲ್ಲಿ ಕಟ್ಟಿದರೆ ಓಟಕ್ಕೆ ಹುಟ್ಟಿದ ಈ ನಾಯಿ ಸಿಡುಕಾಗುತ್ತದೆ. ಬೆಳಿಗ್ಗೆ, ಸಂಜೆ ಹೊಲದ ಬಯಲಿನಲ್ಲಿ ಓಡಾಟ ಬೇಕು. ಪಾರ್ವೊ, ಡಿಸ್ಟೆಂಪರ್ ಲಸಿಕೆ 6ರಿಂದ 8 ವಾರದಲ್ಲಿ ಆರಂಭವಾಗುತ್ತದೆ. ರೇಬೀಸ್ ಲಸಿಕೆ 3 ತಿಂಗಳಿಗೆ. ಲಸಿಕೆ ಮುಗಿಯುವವರೆಗೆ ಮರಿಯನ್ನು ಬೀದಿನಾಯಿಗಳಿಂದ ದೂರವಿಟ್ಟು, ಎತ್ತಿಕೊಂಡೇ ಊರು ತೋರಿಸಬಹುದು.