ಚದರಡಿಗೆ 425 ರೂಪಾಯಿ ಎಂಬ ಅರ್ಧಸತ್ಯ: ಉಕ್ಕಿನ ಗೋಡೌನಿಗೆ ನಿಜಕ್ಕೂ ಎಷ್ಟು ಖರ್ಚಾಗುತ್ತೆ?

ನೆಲಮಂಗಲ ದಾಟಿ ದಾಬಸ್‌ಪೇಟೆ ಕಡೆ ಹೋಗುವಾಗ ಹೆದ್ದಾರಿಯ ಎರಡೂ ಬದಿ ನಿಂತಿರುವ ಬೂದು-ನೀಲಿ ಶೆಡ್‌ಗಳನ್ನು ನೀವೂ ನೋಡಿರ್ತೀರಿ. ಹೋದ ವರ್ಷ ರಾಗಿ ಹೊಲ ಇದ್ದ ಕಡೆ ಈ ವರ್ಷ ಫುಟ್‌ಬಾಲ್ ಮೈದಾನಕ್ಕಿಂತ ದೊಡ್ಡ ಗೋಡೌನ್. ಇಷ್ಟು ಬೇಗ ಏಳುತ್ತೆ ಅಂದ್ರೆ ಖರ್ಚೂ ಕಡಿಮೆಯೇ ಇರಬೇಕು ಅಂತ ಅನಿಸೋದು ಸಹಜ.

ಕಳೆದ ತಿಂಗಳು ಆ ಕಡೆಯ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಒಂದು ಪುಟದ ಕೊಟೇಶನ್ ಕಳಿಸಿದ. ಅವರ ಮನೆಗೆ ನಾಲ್ಕೂವರೆ ಎಕರೆ ಜಮೀನಿದೆ. ಮಧ್ಯವರ್ತಿಯೊಬ್ಬ ಬಂದು ಅವನ ಅಪ್ಪನಿಗೆ, "ಯಜಮಾನ್ರೇ, ಒಂದು ಲಕ್ಷ ಚದರಡಿ ಶೆಡ್ ಹಾಕ್ಸಿ. ಚದರಡಿಗೆ 425 ರೂಪಾಯಿ, ನಾಲ್ಕೂಕಾಲು ಕೋಟಿಗೆ ಮುಗೀತದೆ. ಬಾಡಿಗೆಗೆ ಕಂಪನಿಯೋರು ಕ್ಯೂ ನಿಂತವ್ರೆ" ಅಂದಿದ್ದಾನೆ. ಜಮೀನು ಅಡ ಇಟ್ಟು ಸಾಲ ತೆಗೆಯೋ ಮಾತು ಮನೆಯಲ್ಲಿ ಶುರುವಾಗಿತ್ತು. "ನೀನು ಇಂಜಿನಿಯರಿಂಗ್ ಓದಿದೀಯಲ್ಲ ಮಗಾ, ಈ ಲೆಕ್ಕ ಸರಿ ಇದ್ಯಾ?" ಅಂತ ಗೆಳೆಯ ಕೇಳಿದ.

ಕೊಟೇಶನ್‌ನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದು ಗೋಡೌನಿನ ರೇಟಲ್ಲ, ಗೋಡೌನಿನ ಅಸ್ಥಿಪಂಜರ ಮತ್ತು ಚರ್ಮದ ರೇಟು. ಉಳಿದದ್ದೆಲ್ಲ ಆ ಪುಟದ ಆಚೆಗಿದೆ. ಆ ಪೂರ್ತಿ ಲೆಕ್ಕವನ್ನು ಇಲ್ಲಿ ಬಿಡಿಸಿಡ್ತಿದ್ದೇನೆ. ರೇಟುಗಳು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಹಾಗಾಗಿ ಕೆಳಗಿನವು ನಾನು ಲೆಕ್ಕಕ್ಕೆ ಇಟ್ಟುಕೊಂಡ ಅಂದಾಜುಗಳು. ಅಂಕಿ ಬದಲಾದರೂ ಲೆಕ್ಕದ ದಾರಿ ಇದೇ.

ಉಕ್ಕು: ಎಲ್ಲರೂ ಕೇಳುವ ರೇಟು

ಇಂಥ ಶೆಡ್‌ಗಳನ್ನು ಪಿಇಬಿ ಅಂತ ಕರೀತಾರೆ. ಪ್ರೀ-ಇಂಜಿನಿಯರ್ಡ್ ಬಿಲ್ಡಿಂಗ್. ಕಂಬ, ತೊಲೆಗಳನ್ನು ಫ್ಯಾಕ್ಟರಿಯಲ್ಲೇ ಕತ್ತರಿಸಿ, ವೆಲ್ಡ್ ಮಾಡಿ, ಲಾರಿಯಲ್ಲಿ ತಂದು ಸೈಟಿನಲ್ಲಿ ಬೋಲ್ಟ್ ಹಾಕಿ ನಿಲ್ಲಿಸುತ್ತಾರೆ. ಎಲ್ಲಿ ಭಾರ ಹೆಚ್ಚು ಬೀಳುತ್ತೋ ಅಲ್ಲಿ ತೊಲೆ ದಪ್ಪ, ಉಳಿದ ಕಡೆ ಸಣ್ಣ. ಉಕ್ಕು ಉಳಿಯೋದು ಹೀಗೆ.

ಚದರಡಿಗೆ 3 ಕೆ.ಜಿ. ಉಕ್ಕು ಅಂತ ಇಟ್ಟುಕೊಳ್ಳಿ. ಒಂದು ಲಕ್ಷ ಚದರಡಿಗೆ 300 ಟನ್. ತಯಾರಿಸಿ, ತಂದು, ನಿಲ್ಲಿಸೋದಕ್ಕೆ ಕೆ.ಜಿ.ಗೆ 100 ರೂಪಾಯಿ ಅಂದ್ರೆ 3 ಕೋಟಿ. ಚಾವಣಿ-ಗೋಡೆಯ ಶೀಟು, ಇನ್ಸುಲೇಶನ್, ವೆಂಟಿಲೇಟರ್‌ಗೆ ಇನ್ನೊಂದು 1.25 ಕೋಟಿ. ಅಲ್ಲಿಗೆ 4.25 ಕೋಟಿ. ಮಧ್ಯವರ್ತಿಯ ಕೊಟೇಶನ್ ಇಲ್ಲಿಗೆ ಮುಗಿಯುತ್ತೆ.

ಚದರಡಿಗೆ ಎಷ್ಟು ಕೆ.ಜಿ. ಅನ್ನೋದನ್ನು ಬಹುಪಾಲು ಗಾಳಿ ತೀರ್ಮಾನಿಸುತ್ತೆ. ಶೆಡ್ಡಿನ ಚಾವಣಿ ಹಗುರ. ಬಿರುಗಾಳಿ ಅದನ್ನು ಒಳಗಿಂದಲೂ ಮೇಲಿಂದಲೂ ಎತ್ತೋಕೆ ನೋಡುತ್ತೆ. ಭಾರತೀಯ ಮಾನಕ ಸಂಹಿತೆ ಐಎಸ್ 875ರ ಪ್ರಕಾರ ವಿನ್ಯಾಸಕ್ಕೆ ಹಿಡಿಯಬೇಕಾದ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಚೆನ್ನೈಗೆ 50. ಒತ್ತಡ ಏರೋದು ವೇಗದ ವರ್ಗದ ಲೆಕ್ಕದಲ್ಲಿ. ಅಂದ್ರೆ ಮಂಗಳೂರಿನ ಶೆಡ್ ಬೆಂಗಳೂರಿನದ್ದಕ್ಕಿಂತ ಸುಮಾರು 40% ಹೆಚ್ಚು, ಚೆನ್ನೈನದ್ದು ಎರಡು ಪಟ್ಟಿಗೂ ಹೆಚ್ಚು ಗಾಳಿಯ ಒತ್ತಡ ತಡೀಬೇಕು. "ನಿಮ್ಮ ಪಕ್ಕದ ಊರಲ್ಲಿ ಇದೇ ಡಿಸೈನ್ ಹಾಕಿದ್ದೀವಿ, ಕೆ.ಜಿ. ಕಡಿಮೆ ಬಂತು" ಅಂತ ಯಾರಾದ್ರೂ ಹೇಳಿದರೆ ಮೊದಲು ಕೇಳಬೇಕಾದ್ದು ಯಾವ ಗಾಳಿವೇಗ ಹಿಡಿದಿದ್ದೀರಿ ಅಂತ.

ಕೊಟೇಶನ್ ಬಿಟ್ಟದ್ದು

ನಾನು ಗೆಳೆಯನಿಗೆ ಬರೆದುಕೊಟ್ಟ ಪಟ್ಟಿ ಇದು. ಜಮೀನಿನ ಬೆಲೆ ಇದರಲ್ಲಿ ಸೇರಿಲ್ಲ.

- ಉಕ್ಕಿನ ಚೌಕಟ್ಟು: 3 ಕೋಟಿ
- ಶೀಟು, ಇನ್ಸುಲೇಶನ್: 1.25 ಕೋಟಿ
- ಮಣ್ಣು ತುಂಬಿಸಿ ಲೆವೆಲ್ ಮಾಡೋದು: 75 ಲಕ್ಷ
- ಪಾಯ, ಆಂಕರ್ ಬೋಲ್ಟ್, ಕೆಳಗಿನ ಬ್ಲಾಕ್ ಗೋಡೆ: 1.25 ಕೋಟಿ
- ಕಾಂಕ್ರೀಟ್ ನೆಲ: 1.5 ಕೋಟಿ
- ಬೆಂಕಿ ಸುರಕ್ಷತೆ (ಸ್ಪ್ರಿಂಕ್ಲರ್, ಹೈಡ್ರಂಟ್, ಪಂಪು, ನೀರಿನ ತೊಟ್ಟಿ): 1.5 ಕೋಟಿ
- ಲಾರಿ ನಿಲ್ಲುವ ಡಾಕ್, ಒಳರಸ್ತೆ, ಚರಂಡಿ, ಕಾಂಪೌಂಡ್: 1.75 ಕೋಟಿ
- ವಿದ್ಯುತ್, ಟ್ರಾನ್ಸ್‌ಫಾರ್ಮರ್, ಜನರೇಟರ್: 1 ಕೋಟಿ

ಇಷ್ಟಕ್ಕೇ 12 ಕೋಟಿ ಆಯ್ತು. ಇದರ ಮೇಲೆ 18% ಜಿಎಸ್‌ಟಿ 2.16 ಕೋಟಿ, ಕಾರ್ಮಿಕ ಕಲ್ಯಾಣ ಸೆಸ್ 1% ಅಂದ್ರೆ 12 ಲಕ್ಷ, ಡಿಸೈನ್, ಅನುಮತಿ ಮತ್ತು ಆಕಸ್ಮಿಕ ಖರ್ಚಿಗೆ 60 ಲಕ್ಷ, ಕಟ್ಟುವ ಒಂದು ವರ್ಷದ ಬಡ್ಡಿ 50 ಲಕ್ಷ. ಒಟ್ಟು 15.38 ಕೋಟಿ.

ನಾಲ್ಕೂಕಾಲು ಕೋಟಿಯ ಶೆಡ್ ಹದಿನೈದು ಕೋಟಿ ದಾಟಿತು. ಇದರಲ್ಲಿ ಚೌಕಟ್ಟಿನ ಉಕ್ಕಿನ ಪಾಲು ಐದರಲ್ಲಿ ಒಂದು. ಉಕ್ಕಿನ ರೇಟು ಕೆ.ಜಿ.ಗೆ 10 ರೂಪಾಯಿ ಏರಿದರೆ 30 ಲಕ್ಷ ಜಾಸ್ತಿ ಆಗುತ್ತೆ. ಒಟ್ಟು ಖರ್ಚಿಗೆ ಹೋಲಿಸಿದರೆ ಅದು 2% ಮಾತ್ರ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆಮದು ಉಕ್ಕಿನ ಹಾಳೆ-ಕಾಯಿಲ್‌ಗಳ ಮೇಲೆ 12% ತಾತ್ಕಾಲಿಕ ರಕ್ಷಣಾ ಸುಂಕ ಹಾಕಿದಾಗ ಎಲ್ಲ ಚರ್ಚೆ ಉಕ್ಕಿನ ಬೆಲೆಯ ಸುತ್ತಲೇ ನಡೀತು. ಬೆಲೆ ಏರಿದರೆ ನೋವಾಗುತ್ತೆ, ನಿಜ. ಆದರೆ ಗೋಡೌನ್ ಕಟ್ಟುವವರನ್ನು ಮುಳುಗಿಸೋದು ಸಾಮಾನ್ಯವಾಗಿ ಬೇರೆ ಸಾಲುಗಳು.

ನೆಲ ಮತ್ತು ಬೆಂಕಿ: ಮೊದಲು ಕತ್ತರಿ ಬೀಳುವ ಜಾಗ

ಗೋಡೌನಿನಲ್ಲಿ ನಿಜವಾಗಿ ದುಡಿಯೋದು ನೆಲ. ಹತ್ತು-ಹನ್ನೆರಡು ಮೀಟರ್ ಎತ್ತರದ ರ‍್ಯಾಕ್‌ನ ಪೂರ್ತಿ ಭಾರ ಅಂಗೈಯಗಲದ ಕಾಲುಗಳ ಮೇಲೆ ಬೀಳುತ್ತೆ. ಕೆಳಗೆ ನೆಲ ಕೆಲವು ಮಿಲಿಮೀಟರ್ ವಾಲಿದರೂ ಮೇಲೆ ರ‍್ಯಾಕ್ ಅದರ ಎಷ್ಟೋ ಪಟ್ಟು ವಾಲುತ್ತೆ. ಒಂದು ಲಕ್ಷ ಚದರಡಿಗೆ 20 ಸೆಂ.ಮೀ. ದಪ್ಪದ ನೆಲ ಹಾಕೋಕೆ ಸುಮಾರು 1,860 ಘನ ಮೀಟರ್ ಕಾಂಕ್ರೀಟ್ ಬೇಕು. ತುಂಬಿಸಿದ ಮಣ್ಣು ಸರಿಯಾಗಿ ಕೂರುವ ಮೊದಲೇ ಇದನ್ನು ಹಾಕಿದರೆ ಎರಡೇ ವರ್ಷದಲ್ಲಿ ಬಿರುಕು ಬಿಡಬಹುದು. ಉತ್ತರ ಕರ್ನಾಟಕದ ಎರೆಮಣ್ಣಾದರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತೆ, ಪಾಯದ ಖರ್ಚೇ ಬೇರೆ. ಮಣ್ಣು ಪರೀಕ್ಷೆ ಮಾಡಿಸದೆ ಕೊಟ್ಟ ಕೊಟೇಶನ್ ಅನ್ನು ನಂಬಬೇಡಿ.

ಬೆಂಕಿಯದ್ದು ಇನ್ನೂ ಗಂಭೀರ ವಿಷಯ. ಉಕ್ಕು ಉರಿಯೋದಿಲ್ಲ, ಆದರೆ 550-600 ಡಿಗ್ರಿ ಸೆಲ್ಸಿಯಸ್ ತಲುಪುವಷ್ಟರಲ್ಲಿ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ತುಂಬಿದ ಗೋಡೌನಿನ ಬೆಂಕಿ ಆ ಶಾಖವನ್ನು ಬೇಗ ಮುಟ್ಟುತ್ತೆ. ಆಗ ಚಾವಣಿ ಕುಸಿಯುತ್ತೆ. 2024ರ ಮೇ 25ರಂದು ರಾಜ್‌ಕೋಟ್‌ನ ಗೇಮ್ ಝೋನ್ ಒಂದರ ತಗಡು-ಉಕ್ಕಿನ ಶೆಡ್ಡಿಗೆ ಬೆಂಕಿ ಬಿದ್ದು 27 ಜನ ಸತ್ತರು. ಅದಕ್ಕೆ ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಇರಲಿಲ್ಲ. ಅದು ಗೋಡೌನ್ ಅಲ್ಲ, ಆದರೆ ಕಟ್ಟುವ ರೀತಿ ಇದೇ ಜಾತಿಯದ್ದು.

ಒಳಗಿನ ದಾಸ್ತಾನೇ ಜೀವ ತೆಗೆದ ಉದಾಹರಣೆ ನಮ್ಮಲ್ಲೇ ಇದೆ. 2023ರ ಡಿಸೆಂಬರ್ 4ರಂದು ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಮೆಕ್ಕೆಜೋಳದ ಮೂಟೆಗಳ ರಾಶಿ ಕುಸಿದು ಬಿಹಾರದ ಏಳು ಕಾರ್ಮಿಕರು ಸತ್ತರು. ನೆಲ, ರ‍್ಯಾಕ್, ಬೆಂಕಿ ಸುರಕ್ಷತೆಯ ಸಾಲುಗಳಲ್ಲಿ ಉಳಿಸಿದ ದುಡ್ಡಿಗೆ ಬೆಲೆ ತೆರೋದು ಯಾರು ಅಂತ ಇಂಥ ಸಾವುಗಳು ಹೇಳುತ್ತವೆ. ಎಸ್ಟಿಮೇಟ್ ಓದುವವರು ಆ ಶೆಡ್ಡಿನೊಳಗೆ ದಿನಕ್ಕೆ ಎಂಟು-ಹತ್ತು ಗಂಟೆ ಮೂಟೆ ಹೊರೋದಿಲ್ಲ.

ತೆರಿಗೆ, ಸೆಸ್ಸು ಮತ್ತು ಒಂದು ಪದದ ಬದಲಾವಣೆ

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿದಿದೆ. ಅದು ಸಣ್ಣ ಸಮಾಧಾನ. ದೊಡ್ಡ ಪ್ರಶ್ನೆ ಇನ್‌ಪುಟ್ ಕ್ರೆಡಿಟ್‌ನದ್ದು. ಬಾಡಿಗೆ ಮೇಲೆ ಜಿಎಸ್‌ಟಿ ಕಟ್ಟುವ ಮಾಲೀಕ, ಕಟ್ಟಡ ಕಟ್ಟಿಸುವಾಗ ತೆತ್ತ ಜಿಎಸ್‌ಟಿಯನ್ನು ಅದರಲ್ಲಿ ಕಳೆದುಕೊಳ್ಳಬಹುದಾ? ಕಾಯ್ದೆಯ ಸೆಕ್ಷನ್ 17(5) ಇಲ್ಲ ಅನ್ನುತ್ತೆ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ, 'ಪ್ಲಾಂಟ್ ಅಥವಾ ಮೆಷಿನರಿ' ಅನ್ನೋ ಪದಪುಂಜದಲ್ಲಿ 'ಅಥವಾ' ಇರೋದರಿಂದ, ಬಳಕೆ ನೋಡಿ ಕೆಲವು ಕಟ್ಟಡಗಳನ್ನೂ 'ಪ್ಲಾಂಟ್' ಅಂತ ಪರಿಗಣಿಸಬಹುದು ಅಂತ ಹೇಳಿತು. 2025ರ ಹಣಕಾಸು ಕಾಯ್ದೆ ಆ 'ಅಥವಾ'ವನ್ನು 'ಮತ್ತು' ಅಂತ ಬದಲಿಸಿತು. ಅದೂ 2017ರ ಜುಲೈ 1ರಿಂದಲೇ ಪೂರ್ವಾನ್ವಯ. ಬಾಗಿಲು ಮುಚ್ಚಿತು. ನಮ್ಮ ಲೆಕ್ಕದಲ್ಲಿ ಆ ಒಂದು ಪದದ ತೂಕ ಸುಮಾರು ಎರಡು ಕೋಟಿ ರೂಪಾಯಿ.

ಇನ್ನು ಆ 1% ಸೆಸ್. 1996ರ ಕಾಯ್ದೆಯಿಂದ ಶುರುವಾದ, ನಿರ್ಮಾಣ ವೆಚ್ಚದ ಮೇಲೆ ಕಟ್ಟುವ ಈ ದುಡ್ಡು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತೆ. ಮಕ್ಕಳ ಓದು, ಆಸ್ಪತ್ರೆ ಖರ್ಚು, ಅಪಘಾತ ಪರಿಹಾರ ಎಲ್ಲ ಬರೋದು ಅಲ್ಲಿಂದ. 12 ಕೋಟಿಯ ಕಟ್ಟಡವನ್ನು ಕಾಗದದಲ್ಲಿ 5 ಕೋಟಿ ಅಂತ ತೋರಿಸಿದರೆ ಆ ನಿಧಿಗೆ 7 ಲಕ್ಷ ಖೋತಾ. ಅರ್ಧಸತ್ಯದ ಎಸ್ಟಿಮೇಟಿಗೆ ಹೀಗೂ ಒಂದು ಉಪಯೋಗವಿದೆ.

ಬೇಲಿಯಾಚೆಗಿನ ಖರ್ಚು

ಒಂದು ಲಕ್ಷ ಚದರಡಿ ಅಂದ್ರೆ 2 ಎಕರೆ 12 ಗುಂಟೆ. ಬೆಂಗಳೂರು ಭಾಗದಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಬೀಳುತ್ತೆ. ಈ ಚಾವಣಿ ಒಂದರ ಮೇಲೇ ವರ್ಷಕ್ಕೆ ಸುಮಾರು 90 ಲಕ್ಷ ಲೀಟರ್ ನೀರು, ಅಂದ್ರೆ 12 ಸಾವಿರ ಲೀಟರಿನ 750 ಟ್ಯಾಂಕರ್. ಮೊದಲು ಹೊಲ ಕುಡಿಯುತ್ತಿದ್ದ ನೀರು ಈಗ ಪೈಪಿನಲ್ಲಿ ಇಳಿದು ಹೊರಗೆ ಹೋಗುತ್ತೆ. ಇಂಗುಗುಂಡಿ, ತೊಟ್ಟಿ, ಸರಿಯಾದ ಕಾಲುವೆ ಮಾಡಿದರೆ ಇದು ಆಸ್ತಿ. ಮಾಡದಿದ್ದರೆ ಜೋರು ಮಳೆಯ ದಿನ ಪಕ್ಕದವರ ಬೆಳೆ ಮುಳುಗುತ್ತೆ, ಬೇಸಿಗೆಯಲ್ಲಿ ಅವರದೇ ಬೋರ್‌ವೆಲ್ ಬತ್ತುತ್ತೆ. ಪಕ್ಕದವರ ನಷ್ಟ ಯಾವ ಎಸ್ಟಿಮೇಟಿನಲ್ಲೂ ಬರಲ್ಲ.

ಜಮೀನಿನ ಖರ್ಚೂ ಹಾಗೇ. ಕೃಷಿ ಭೂಮಿಯಲ್ಲಿ ಗೋಡೌನ್ ಕಟ್ಟೋಕೆ 1964ರ ಭೂಕಂದಾಯ ಕಾಯ್ದೆಯ ಸೆಕ್ಷನ್ 95ರಡಿ ಭೂಪರಿವರ್ತನೆ ಆಗಬೇಕು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಳ್ಳುವವರ ಸಾಲು ಬೆಳೆದಿದೆ. ಚೌಕಾಸಿಯಲ್ಲಿ ಒಬ್ಬಂಟಿ ರೈತನ ಬಲ ಅಷ್ಟೇನೂ ಬೆಳೆದಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನವನ್ನು ಸರ್ಕಾರ 2025ರ ಜುಲೈ 15ರಂದು ಕೈಬಿಟ್ಟದ್ದು ಊರವರು ಮೂರು ವರ್ಷಕ್ಕೂ ಹೆಚ್ಚು ಕಾಲ ಒಟ್ಟಾಗಿ ಧರಣಿ ಕೂತದ್ದರಿಂದ. ಅಲ್ಲಿ ಬರಬೇಕಿದ್ದದ್ದು ಏರೋಸ್ಪೇಸ್ ಪಾರ್ಕ್. ಆದರೆ ಭೂಮಿಗೆ ಎಷ್ಟು ಬೆಲೆ, ಅದನ್ನು ಯಾರು ನಿರ್ಧರಿಸಬೇಕು ಅನ್ನೋ ಪ್ರಶ್ನೆ ಗೋಡೌನಿಗೂ ಒಂದೇ.

ಹಾಗಾದರೆ ಇದು ಯಾರಿಗೆ ಲಾಭ?

ಬಾಡಿಗೆ ಚದರಡಿಗೆ ತಿಂಗಳಿಗೆ 20 ರೂಪಾಯಿ ಅಂತ ಹಿಡಿದರೆ ವರ್ಷಕ್ಕೆ 2.4 ಕೋಟಿ. ಕೇಳೋಕೆ ಚೆಂದ. ಆದರೆ 10 ಕೋಟಿ ಸಾಲ ಸಿಕ್ಕಿದರೂ ಉಳಿದ 5.38 ಕೋಟಿ ಕೈಯಿಂದ ಹಾಕಬೇಕು. 10% ಬಡ್ಡಿಗೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 13.2 ಲಕ್ಷ. ಆರು ತಿಂಗಳು ಶೆಡ್ ಖಾಲಿ ಇದ್ದರೆ 79 ಲಕ್ಷ ಕೈಯಿಂದಲೇ ಕಟ್ಟಬೇಕು. ಪೂರ್ತಿ ಸಾಲ ಎತ್ತಿದ ಮೇಲೆ ಒಂದು ಅನುಮತಿ ಒಂದು ತಿಂಗಳು ತಡವಾದರೆ ಬಡ್ಡಿಯೇ 8.3 ಲಕ್ಷ. ಹತ್ತಾರು ಗೋಡೌನ್ ಇರುವ ದೊಡ್ಡ ಕಂಪನಿ, ಹೂಡಿಕೆ ನಿಧಿಗಳು ಇದನ್ನು ತಡ್ಕೊಳ್ತವೆ. ಅವರಿಗೆ ಸಾಲವೂ ಅಗ್ಗಕ್ಕೆ ಸಿಗುತ್ತೆ. ಒಂದೇ ಜಮೀನು, ಒಂದೇ ಶೆಡ್ ಇರುವ ಕುಟುಂಬಕ್ಕೆ ಆರು ಖಾಲಿ ತಿಂಗಳು ಅಂದ್ರೆ ಜಮೀನೇ ಹೋದ ಹಾಗೆ. ಹೆದ್ದಾರಿ ಬದಿಯ ಗೋಡೌನುಗಳು ಹೆಚ್ಚೆಚ್ಚು ದೊಡ್ಡವರ ಕೈ ಸೇರೋಕೆ ಇದೂ ಒಂದು ಕಾರಣ.

ಹಾಗಂತ ಗೋಡೌನೇ ಬೇಡ ಅಂತಲ್ಲ. ಬೆಳೆಗೂ ಸರಕಿಗೂ ಒಳ್ಳೆ ದಾಸ್ತಾನು ಬೇಕೇ ಬೇಕು. ಮುಂದಿನ ಸಲ "ಇಷ್ಟು ಕೋಟಿ ಹೂಡಿಕೆಯ ಲಾಜಿಸ್ಟಿಕ್ಸ್ ಪಾರ್ಕ್" ಅನ್ನೋ ಘೋಷಣೆ ಬಂದಾಗ, ಅಥವಾ ನಿಮ್ಮ ಮನೆಗೇ ಇಂಥ ಕೊಟೇಶನ್ ಬಂದಾಗ ಇಷ್ಟು ಕೇಳಿ. ಈ ರೇಟು ಎಲ್ಲಿಗೆ ನಿಲ್ಲುತ್ತೆ? ಮಣ್ಣು ಪರೀಕ್ಷೆಯ ವರದಿ ಎಲ್ಲಿ? ಸ್ಪ್ರಿಂಕ್ಲರ್‌ಗೆ ನೀರು ಎಲ್ಲಿಂದ ಬರುತ್ತೆ? ಚಾವಣಿ ನೀರು ಎಲ್ಲಿಗೆ ಹೋಗುತ್ತೆ? ಸೆಸ್ ಕಟ್ಟಿದ್ದು ಎಷ್ಟು ವೆಚ್ಚದ ಮೇಲೆ? ಖಾಲಿ ಇದ್ದರೆ ಕಂತು ಯಾರು ಕಟ್ತಾರೆ?

ಗೆಳೆಯನ ಅಪ್ಪ ನನ್ನ ಪಟ್ಟಿಯನ್ನು ಎರಡು ಸಲ ಓದಿಸಿಕೊಂಡರಂತೆ. ಆಮೇಲೆ ಮಧ್ಯವರ್ತಿಗೆ ಫೋನ್ ಮಾಡಿ ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳಿದರಂತೆ. ಆತ "ಬಂದು ಮಾತಾಡ್ತೀನಿ ಯಜಮಾನ್ರೇ" ಅಂದನಂತೆ. ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ.