ನಿವೃತ್ತ ಯೋಧರೂ ವಾಣಿಜ್ಯೋದ್ಯಮವೂ

ರಣದಲ್ಲಿ ಮಡಿದ ವೀರನನ್ನು ಗೌರವಿಸುವ ಕ್ರಮವನ್ನು ನಮ್ಮ ಕನ್ನಡನಾಡು ಬಹು ಪ್ರಾಚೀನಕಾಲದಿಂದಲೂ ಬಲ್ಲುದು. ಕೆರೆಯ ಏರಿಗಳ ಮೇಲೆಯೂ ದೇವಾಲಯಗಳ ಪ್ರಾಕಾರಗಳಲ್ಲಿಯೂ ನಿಂತಿರುವ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ. ಬೆಂಗಳೂರಿನ ಬಳಿಯ ಬೇಗೂರಿನಲ್ಲಿ ದೊರೆತ ಗಂಗರ ಕಾಲದ ಶಾಸನವು ವಾಚಕರಲ್ಲಿ ಹಲವರಿಗೆ ಪರಿಚಿತವಾಗಿರಬಹುದು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಮಡಿಯಲು, ದೊರೆಯಾದ ಎರೆಯಪ್ಪನು ಆತನ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಅದರಿಂದ ತಿಳಿದುಬರುತ್ತದೆ. ಹೀಗೆ ಮಡಿದವನಿಗೆ ಶಿಲೆಯೂ, ಅವನ ಸ್ಥಾನಕ್ಕೆ ಬಂದವನಿಗೆ ಭೂಮಿಯೂ ದೊರೆತುವು. ಆದರೆ ಮಡಿಯದೆ, ಸೇವೆಯ ಅವಧಿಯನ್ನು ಮುಗಿಸಿ, ತೋಳಿನ ಬಲವಿನ್ನೂ ಕುಂದದಿರುವಾಗಲೇ ಊರಿಗೆ ಹಿಂದಿರುಗುವ ಯೋಧನು ಮುಂದೆ ಏನು ಮಾಡಿ ಬದುಕಬೇಕು? ಈ ಪ್ರಶ್ನೆಗೆ ವೀರಗಲ್ಲು ಉತ್ತರವನ್ನು ಕೊಡುವುದಿಲ್ಲ. ಇತಿಹಾಸವು ಕೊಟ್ಟಿರುವ ಕೆಲವು ಉತ್ತರಗಳನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸೋಣ.

ಶಸ್ತ್ರವೃತ್ತಿಗೂ ವಾಣಿಜ್ಯಕ್ಕೂ ಸ್ವಭಾವಸಿದ್ಧವಾದ ವಿರೋಧವುಂಟೆಂದು ಜನರು ಭಾವಿಸುವುದುಂಟು. ಒಂದು ಪ್ರಾಣವನ್ನೇ ಪಣವಾಗಿಡುವ ವೃತ್ತಿ, ಮತ್ತೊಂದು ಕಾಸಿಗೆ ಕಾಸು ಲೆಕ್ಕವಿಡುವ ವೃತ್ತಿ. ಇವೆರಡೂ ಒಬ್ಬನಲ್ಲಿಯೇ ಕೂಡಲಾರವೆಂಬುದು ಅವರ ತಾತ್ಪರ್ಯ. ನಮ್ಮ ಪೂರ್ವಿಕರ ಅನುಭವವಾದರೋ ಬೇರೆಯಾಗಿದ್ದಿತು. ಕೃಷಿ, ಪಶುಪಾಲನೆ, ವಾಣಿಜ್ಯ ಈ ಮೂರನ್ನೂ ಸೇರಿಸಿ ‘ವಾರ್ತೆ’ಯೆಂದು ಕರೆದ ಕೌಟಿಲ್ಯನು, ತನ್ನ ಅರ್ಥಶಾಸ್ತ್ರದ ಹನ್ನೊಂದನೆಯ ಅಧಿಕರಣದಲ್ಲಿ ಕಾಂಭೋಜ, ಸುರಾಷ್ಟ್ರ ಮೊದಲಾದ ದೇಶಗಳ ಸಂಘಗಳನ್ನು ಹೇಳುವಾಗ, ಅವು ವಾರ್ತೆಯಿಂದಲೂ ಶಸ್ತ್ರದಿಂದಲೂ ಜೀವಿಸತಕ್ಕವುಗಳೆಂದು ವರ್ಣಿಸಿದ್ದಾನೆ. ಆದಕಾರಣ ತೊಡಕಿರುವುದು ಯೋಧನ ಸ್ವಭಾವದಲ್ಲಲ್ಲ. ಹಿಂದಿರುಗಿದ ಯೋಧನನ್ನು ಸಮಾಜವು ಬರಮಾಡಿಕೊಳ್ಳುವ ರೀತಿಯಲ್ಲಿ.

ಈ ವಿಷಯದಲ್ಲಿ ರೋಮಕರ ಚರಿತ್ರೆಯು ಬಹಳ ಬೋಧಪ್ರದವಾದುದು. ಕ್ರಿ. ಪೂ. ೪೧ರಲ್ಲಿ ನಿವೃತ್ತ ಸೈನಿಕರಿಗೆ ಹಂಚುವುದಕ್ಕಾಗಿ ಇಟಲಿಯ ಅನೇಕ ಪಟ್ಟಣಗಳ ಭೂಮಿಯನ್ನು ಬಲಾತ್ಕಾರದಿಂದ ಕಿತ್ತುಕೊಳ್ಳಲಾಯಿತು. ತಲೆತಲಾಂತರದಿಂದ ಉಳುತ್ತಿದ್ದವರು ಬೀದಿಪಾಲಾದರು. ಒಬ್ಬನ ಬಹುಮಾನವು ಮತ್ತೊಬ್ಬನ ಕಣ್ಣೀರಾಯಿತು. ಅಂದು ಆ ಹಂಚಿಕೆಯನ್ನು ನಡೆಯಿಸಿದ ತರುಣನೇ ಮುಂದೆ ಆಗಸ್ಟಸ್ ಚಕ್ರವರ್ತಿಯಾದಾಗ ಬೇರೊಂದು ಮಾರ್ಗವನ್ನು ಹಿಡಿದನು. ಭೂಮಿಯನ್ನು ಬೆಲೆಕೊಟ್ಟು ಕೊಂಡು ಸೈನಿಕರಿಗೆ ಕೊಟ್ಟನು. ಕ್ರಿ. ಶ. ೬ರಲ್ಲಿ ಸೈನಿಕನಿಧಿಯೊಂದನ್ನು ಸ್ಥಾಪಿಸಿ, ಅದರ ಪೋಷಣೆಗಾಗಿ ಉತ್ತರಾಧಿಕಾರದಿಂದ ಬರುವ ಸ್ವತ್ತಿನ ಮೇಲೆ ನೂರಕ್ಕೆ ಐದರಂತೆಯೂ ಹರಾಜಿನ ಮಾರಾಟದ ಮೇಲೆ ನೂರಕ್ಕೆ ಒಂದರಂತೆಯೂ ಕರವನ್ನು ಗೊತ್ತುಮಾಡಿದನು. ಇಪ್ಪತ್ತು ವರ್ಷ ಸೇವೆಮಾಡಿದ ಪದಾತಿಗೆ ೧೨,೦೦೦ ಸೆಸ್ಟರ್ಸ್ ನಾಣ್ಯಗಳು ಸಲ್ಲುತ್ತಿದ್ದುವು.

ಆದರೂ ಹಣವೂ ಹೊಲವೂ ಸಾಲವಾದುವು. ನೀರೋವಿನ ಕಾಲದಲ್ಲಿ, ಕ್ರಿ. ಶ. ೬೦ರಲ್ಲಿ, ಟರೆಂಟಮ್ ಮತ್ತು ಆಂಟಿಯಮ್ ಪಟ್ಟಣಗಳಲ್ಲಿ ನೆಲೆಗೊಳಿಸಲ್ಪಟ್ಟ ಸೈನಿಕರಲ್ಲಿ ಬಹುಮಂದಿ ಅಲ್ಲಿ ನಿಲ್ಲದೆ, ತಾವು ಸೇವೆಮಾಡಿದ್ದ ಪ್ರಾಂತಗಳಿಗೆ ಚದುರಿಹೋದರೆಂದು ಇತಿಹಾಸಕಾರನಾದ ಟ್ಯಾಸಿಟಸನು ಬರೆದಿದ್ದಾನೆ. ಅವನು ಹೇಳುವ ಕಾರಣವು ಮನನೀಯವಾಗಿದೆ. ಹಿಂದೆ ಒಂದು ದಳಕ್ಕೆ ದಳವೇ ತನ್ನ ನಾಯಕರೊಡನೆ ಒಂದೆಡೆ ನೆಲಸುತ್ತಿದ್ದಿತು. ಈಗಲಾದರೋ ಪರಸ್ಪರ ಪರಿಚಯವಿಲ್ಲದವರನ್ನು ಬೇರೆಬೇರೆ ದಳಗಳಿಂದ ಆಯ್ದು ಒಂದುಗೂಡಿಸಿದ್ದರು. ಸಹವಾಸವು ಹರಿದುಹೋದ ಮೇಲೆ ಕೈಯಲ್ಲಿದ್ದ ಭೂಮಿಯೂ ಅವರನ್ನು ಹಿಡಿದು ನಿಲ್ಲಿಸಲಿಲ್ಲ.

ಇನ್ನು ಸಮೀಪದ ಕಾಲಕ್ಕೆ ಬರೋಣ. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿದ ಅಮೆರಿಕದ ಸೈನಿಕರಿಗೆ ೧೯೨೪ರ ಶಾಸನವು ಒಂದು ಬಹುಮಾನಧನವನ್ನು ವಾಗ್ದಾನಮಾಡಿದ್ದಿತು. ಆದರೆ ಅದು ಕೈಗೆ ಬರುವುದು ೧೯೪೫ರಲ್ಲಿ. ನಡುವೆ ಆರ್ಥಿಕಕ್ಷೋಭೆಯುಂಟಾಗಿ ಕೆಲಸವಿಲ್ಲದಂತಾಗಲು, ೧೯೩೨ರಲ್ಲಿ ಸಾವಿರಾರು ಮಾಜಿ ಸೈನಿಕರು ವಾಷಿಂಗ್ಟನ್ ನಗರದಲ್ಲಿ ಬಿಡಾರ ಹೂಡಿ, ಆ ಹಣವನ್ನು ಆಗಲೇ ಕೊಡಬೇಕೆಂದು ಬೇಡಿದರು. ಜುಲೈ ೨೮ರಂದು ಅವರನ್ನು ಓಡಿಸುವುದಕ್ಕೆ ಅದೇ ದೇಶದ ಸೈನ್ಯವನ್ನೇ ಕಳುಹಿಸಲಾಯಿತು.

ಆ ಲಜ್ಜೆಯ ನೆನಪು ಮಾಸಿರಲಿಲ್ಲವಾದ ಕಾರಣ, ಎರಡನೆಯ ಮಹಾಯುದ್ಧವು ಮುಗಿಯುವುದಕ್ಕೆ ಮೊದಲೇ, ೧೯೪೪ರ ಜೂನ್ ೨೨ರಂದು, ಅಧ್ಯಕ್ಷ ರೂಸ್‌ವೆಲ್ಟರು ಹೊಸ ಶಾಸನವೊಂದಕ್ಕೆ ಸಹಿ ಹಾಕಿದರು. ಮನೆ, ಹೊಲ, ವ್ಯಾಪಾರ ಈ ಮೂರರಲ್ಲಿ ಯಾವುದಕ್ಕೆ ಸಾಲ ಬೇಕಾದರೂ, ಅದರ ಅರ್ಧಕ್ಕೆ, ೨,೦೦೦ ಡಾಲರುಗಳ ಮಿತಿಯಲ್ಲಿ, ಸರ್ಕಾರವೇ ಜಾಮೀನು ನಿಲ್ಲುವುದಾಗಿ ಅದರಲ್ಲಿ ವಿಧಿಸಿತ್ತು. ೧೯೫೬ರ ವೇಳೆಗೆ ಸುಮಾರು ೭೮ ಲಕ್ಷ ಮಂದಿ ಆ ಶಾಸನದ ಆಶ್ರಯದಲ್ಲಿ ವಿದ್ಯೆಯನ್ನೋ ಕಸಬನ್ನೋ ಕಲಿತರು. ಆದರೆ ಜಾಮೀನು ಸರ್ಕಾರದ್ದಾದರೂ ಸಾಲ ಕೊಡುವವನು ಊರಿನ ಸಾಹುಕಾರನೇ ಆಗಿದ್ದನು. ಆದುದರಿಂದ ೧೯೪೭ರಲ್ಲಿ ಮಿಸಿಸಿಪ್ಪಿ ಸಂಸ್ಥಾನದಲ್ಲಿ ಹೀಗೆ ಕೊಟ್ಟ ೩,೨೨೯ ಸಾಲಗಳಲ್ಲಿ ಕಪ್ಪುಜನಾಂಗದ ಯೋಧರಿಗೆ ದೊರೆತುವು ಎರಡು ಮಾತ್ರ. ಒಂದೇ ಯುದ್ಧದಲ್ಲಿ ಸೇವೆಮಾಡಿದವರಲ್ಲಿ ನೆರೆಹೊರೆಯವರು ಯಾರನ್ನು ನಂಬಿದರೋ ಅವನು ಮಾತ್ರ ಉದ್ಯಮಿಯಾಗಬಹುದಾಗಿತ್ತು.

ಹೀಗೆ ಯೋಧನು ವಾಣಿಜ್ಯವನ್ನು ಪ್ರವೇಶಿಸಲು ಬಂಡವಾಳ, ಒಡನಾಡಿಗಳು, ಊರಿನ ವಿಶ್ವಾಸ ಎಂಬ ಮೂರೂ ಆವಶ್ಯಕವೆಂದು ಸಿದ್ಧವಾಗುತ್ತದೆ. ಇವು ದೊರೆತಾಗ ಏನಾಗಬಲ್ಲುದೆಂಬುದಕ್ಕೆ ಅಮೆರಿಕದ ಫ್ರೆಡರಿಕ್ ಸ್ಮಿತ್ ಒಂದು ನಿದರ್ಶನ. ವಿಯೆಟ್ನಾಮಿನ ಯುದ್ಧದಲ್ಲಿ ಸೇವೆಮಾಡಿ ೧೯೬೯ರಲ್ಲಿ ನಿವೃತ್ತರಾದ ಈತನಿಗೆ ತಂದೆಯಿಂದ ಬಂದ ಆಸ್ತಿಯಿತ್ತು. ೧೯೭೧ರಲ್ಲಿ ಫೆಡರಲ್ ಎಕ್ಸ್‌ಪ್ರೆಸ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿ, ೧೯೭೩ರ ಏಪ್ರಿಲ್ ೧೭ರ ರಾತ್ರಿ ೧೪ ವಿಮಾನಗಳಿಂದ ೨೫ ಪಟ್ಟಣಗಳಿಗೆ ೧೮೬ ಕಟ್ಟುಗಳನ್ನು ಸಾಗಿಸಿದರು. ಅದೇ ಮುಂದೆ ಲೋಕಪ್ರಸಿದ್ಧವಾದ ಸಂಸ್ಥೆಯಾಯಿತು.

ನಮ್ಮ ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥರಿಗೆ ಅಂತಹ ಪಿತ್ರಾರ್ಜಿತವಿರಲಿಲ್ಲ. ವಿಜಾಪುರದ ಸೈನಿಕಶಾಲೆಯಲ್ಲಿ ಓದಿ, ೧೯೭೧ರ ಯುದ್ಧದಲ್ಲಿ ಪಾಲ್ಗೊಂಡು, ೨೮ನೆಯ ವಯಸ್ಸಿನಲ್ಲಿಯೇ ಸೈನ್ಯವನ್ನು ಬಿಟ್ಟು ಬಂದರು. ಮನೆತನದ ಜಮೀನು ಹೇಮಾವತಿಯ ಅಣೆಕಟ್ಟಿನಲ್ಲಿ ಮುಳುಗಿ, ಅದಕ್ಕೆ ಬದಲಾಗಿ ಜಾವಗಲ್ಲಿನ ಕಡೆ ಬರಡುಭೂಮಿ ದೊರೆತಿದ್ದಿತು. ಅಲ್ಲಿ ಡೇರೆಯಲ್ಲಿ ವಾಸಮಾಡಿ, ರೇಷ್ಮೆಬೆಳೆಯನ್ನು ಕೈಗೊಂಡು, ೧೯೯೬ರಲ್ಲಿ ರೋಲೆಕ್ಸ್ ಪ್ರಶಸ್ತಿಯನ್ನು ಪಡೆದರು. ಬಳಿಕ ಸೈನ್ಯದ ಒಡನಾಡಿಯೊಬ್ಬರೊಡನೆ ಕೂಡಿ ೧೯೯೭ರಲ್ಲಿ ಹೆಲಿಕಾಪ್ಟರುಗಳನ್ನು ಬಾಡಿಗೆಗೆ ಕೊಡುವ ವ್ಯವಹಾರವನ್ನೂ, ೨೦೦೩ರಲ್ಲಿ ಏರ್ ಡೆಕ್ಕನ್ ವಿಮಾನಸಂಸ್ಥೆಯನ್ನೂ ನಡೆಯಿಸಿದರು. ಹುಬ್ಬಳ್ಳಿಯೇ ಮೊದಲಾದ ಊರುಗಳಿಗೆ ಅಲ್ಪದರದಲ್ಲಿ ವಿಮಾನ ಹಾರಿ, ಮಧ್ಯಮವರ್ಗದ ಎಷ್ಟೋ ಕುಟುಂಬಗಳು ಮೊದಲ ಬಾರಿಗೆ ಆಕಾಶಯಾನದ ಅನುಭವವನ್ನು ಪಡೆದುವು. ಆದರೆ ನಷ್ಟವು ಬೆಳೆದು, ೨೦೦೭ರಲ್ಲಿ ಸಂಸ್ಥೆಯ ಪಾಲು ಕಿಂಗ್‌ಫಿಷರ್ ಒಡೆತನದವರಿಗೆ ಸೇರಿತು. ೨೦೧೨ರಲ್ಲಿ ಆ ವಿಮಾನಗಳೂ ನಿಂತುಹೋದುವು. ಸಾಹಸವು ಲಾಭಕ್ಕೆ ಜಾಮೀನಲ್ಲವೆಂಬುದನ್ನು ಇದರಿಂದ ಅರಿಯಬೇಕು. ಆದರೂ ಸಾಮಾನ್ಯನು ಹಾರಲಾರನೆಂಬ ಭ್ರಾಂತಿಯು ಒಮ್ಮೆ ಹೋದದ್ದು ಮರಳಿ ಬರಲಿಲ್ಲ.

ಸೈನ್ಯವು ಕಲಿಸುವ ಗುಣಗಳಲ್ಲಿ ವ್ಯಾಪಾರಕ್ಕೆ ಒದಗುವುದು ಯಾವುದು? ಶೌರ್ಯವೆಂದು ಹಲವರು ಹೇಳುವರು. ನನಗೆ ತೋರುವಂತೆ ಅದಕ್ಕಿಂತ ಹೆಚ್ಚಾಗಿ ಒದಗುವುದು, ಹತ್ತು ಮಂದಿಗೆ ಅನ್ನ, ನೀರು, ಮದ್ದು, ವಾಹನಗಳನ್ನು ಹೊತ್ತಿಗೆ ಸರಿಯಾಗಿ ಒದಗಿಸುವ ಅಭ್ಯಾಸ. ಒದಗದೆ ಇರುವುದು ಆಜ್ಞೆಯ ಅಭ್ಯಾಸ. ದಂಡಿನಲ್ಲಿ ಮಾತು ಹೊರಟೊಡನೆ ಕೆಲಸ ನಡೆಯುತ್ತದೆ. ಅಂಗಡಿಯಲ್ಲಿ ಗಿರಾಕಿಗೆ ಯಾರೂ ಆಜ್ಞೆ ಮಾಡಲಾರರು. ಈ ಮಾರ್ಪಾಟನ್ನು ಕಲಿಯಲು ಕಾಲಾವಕಾಶ ಬೇಕು, ಒಂದೆರಡು ಸಲ ಎಡವಿದರೆ ನಗದೆ ಕೈಹಿಡಿಯುವ ನೆರೆಯವರೂ ಬೇಕು.

ನಮ್ಮ ದೇಶದಲ್ಲಿ ಪ್ರತಿವರ್ಷ ಸುಮಾರು ೬೦,೦೦೦ ಸೈನಿಕರು, ಬಹುಪಾಲು ನಲವತ್ತರ ಆಸುಪಾಸಿನಲ್ಲಿ, ನಿವೃತ್ತರಾಗುತ್ತ ಬಂದಿದ್ದಾರೆ. ಅವರ ತರಬೇತಿಗೆ ಕೇಂದ್ರದ ಪುನರ್ವಸತಿ ಮಹಾನಿರ್ದೇಶನಾಲಯವೂ, ನಮ್ಮಲ್ಲಿ ಸೈನಿಕ ಕಲ್ಯಾಣ ಇಲಾಖೆಯೂ ಇವೆ. ಆದರೂ ಗಡಿಯನ್ನು ಕಾದವನಿಗೆ ಬ್ಯಾಂಕಿನ ಬಾಗಿಲು ಕಾಯುವ ಕೆಲಸವೇ ತಕ್ಕುದೆಂದು ನಾವು ಮನಸ್ಸಿನಲ್ಲಿ ನಿರ್ಣಯಿಸಿಬಿಟ್ಟಿದ್ದೇವೆ. ೨೦೨೨ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಂತೆ ಸೇರಿದವರಲ್ಲಿ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಸೈನ್ಯದಲ್ಲಿ ಉಳಿಯುವರು. ಮಿಕ್ಕವರು ನಾಲ್ಕು ವರ್ಷಗಳ ಮೇಲೆ ಸುಮಾರು ಹನ್ನೊಂದು ಮುಕ್ಕಾಲು ಲಕ್ಷ ರೂಪಾಯಿಗಳ ನಿಧಿಯೊಡನೆ, ಇನ್ನೂ ಮೂವತ್ತು ತುಂಬದ ಪ್ರಾಯದಲ್ಲಿ, ತಮ್ಮ ಹಳ್ಳಿಗಳಿಗೆ ಮರಳತಕ್ಕವರು. ಬಂಡವಾಳದ ಒಂದು ಭಾಗವನ್ನು ಸರ್ಕಾರ ಕೊಟ್ಟಿತೆನ್ನೋಣ. ಒಡನಾಟವನ್ನೂ ವಿಶ್ವಾಸವನ್ನೂ ಯಾವ ನಿಧಿಯಿಂದಲೂ ಕೊಡಲಾಗದು. ಅವನು ಗಿರಣಿಯನ್ನಿಟ್ಟರೆ ಅಲ್ಲಿಗೆ ಕಾಳನ್ನು ಒಯ್ಯುವವರು ನಾವೇ. ಅವನ ಸಾಲಪತ್ರಕ್ಕೆ ಜಾಮೀನಿನ ಸಹಿ ಹಾಕತಕ್ಕವರೂ ನಾವೇ. ಮಡಿದ ವೀರನಿಗೆ ಕಲ್ಲನ್ನು ನಿಲ್ಲಿಸಿದ ನಾಡು, ಬದುಕಿ ಬಂದವನಿಗೆ ಇಷ್ಟನ್ನಾದರೂ ಮಾಡತಕ್ಕುದು.