ಸಾಂಕ್ರಾಮಿಕ ಕಾಲದ ಶಾಲಾ ಭೋಜನ: ಚಳ್ಳಕೆರೆ ಮತ್ತು ಮೊಳಕಾಲ್ಮೂರು

ಸಾಂಕ್ರಾಮಿಕ ರೋಗವೇ ಮೊದಲಾದ ಸಾರ್ವಜನಿಕ ಆರೋಗ್ಯ ವಿಪತ್ತುಗಳು ಒದಗಿ ಪಾಠಶಾಲೆಗಳು ಮುಚ್ಚಿದಾಗ, ಮಕ್ಕಳಿಗೆ ಅಲ್ಲಿ ನಿತ್ಯವೂ ದೊರೆಯುತ್ತಿದ್ದ ಮಧ್ಯಾಹ್ನದ ಊಟವನ್ನಾಗಲಿ ಅದಕ್ಕೆ ಪ್ರತಿಯಾಗಿ ಧಾನ್ಯವನ್ನಾಗಲಿ ಹಣವನ್ನಾಗಲಿ ಮನೆಗೆ ಮುಟ್ಟಿಸುವ ವ್ಯವಸ್ಥೆ. ಕರ್ನಾಟಕದಲ್ಲಿ ಇದು ಶಾಲಾ ಬಿಸಿಯೂಟದ ಅಕ್ಷರ ದಾಸೋಹ ಯೋಜನೆಯ ಅಂಗವಾಗಿ 2020-21ರ ಕೋವಿಡ್ ಕಾಲದಲ್ಲಿ ಆಚರಣೆಗೆ ಬಂದಿತು. ಚಿತ್ರದುರ್ಗ ಜಿಲ್ಲೆಯ ಪೂರ್ವೋತ್ತರ ಭಾಗದಲ್ಲಿ ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿರುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ತ್ವವುಂಟು. ಏಕೆಂದರೆ, ವರ್ಷಕ್ಕೆ ಸುಮಾರು 500 ಮಿಲಿಮೀಟರಿನ ಆಸುಪಾಸಿನಲ್ಲಿ ಮಾತ್ರ ಮಳೆ ಬೀಳುವ ಈ ಬಯಲುಸೀಮೆಯಲ್ಲಿ ಮಕ್ಕಳ ಊಟದ ಪ್ರಶ್ನೆಯು ರೋಗಕ್ಕಿಂತ ಮುಂಚೆಯೇ ಬರಗಾಲದ ರೂಪದಲ್ಲಿ ಎದುರಾಗಿದ್ದಿತು.

ಪ್ರದೇಶ

ಚಳ್ಳಕೆರೆಯು ಶೇಂಗಾ ವ್ಯಾಪಾರಕ್ಕೂ ಎಣ್ಣೆ ಗಿರಣಿಗಳಿಗೂ ಕಂಬಳಿಯ ನೇಯ್ಗೆಗೂ ಹೆಸರಾದುದು. ಮೊಳಕಾಲ್ಮೂರು ರೇಷ್ಮೆ ಸೀರೆಗಳಿಗೂ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳಿಗೂ ಪ್ರಸಿದ್ಧವಾದುದು. ಎರಡು ತಾಲ್ಲೂಕುಗಳಲ್ಲಿಯೂ ನಾಯಕ ಜನಾಂಗದವರು, ಮ್ಯಾಸಬೇಡರು, ಕಾಡುಗೊಲ್ಲರು, ಪರಿಶಿಷ್ಟ ಜಾತಿಯವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಮಳೆಯನ್ನೇ ನಂಬಿದ ಶೇಂಗಾ ಬೆಳೆ ಕೈಕೊಟ್ಟ ವರ್ಷ ಕೂಲಿಯನ್ನರಸಿ ಊರು ಬಿಡುವ ಕುಟುಂಬಗಳು ಇಲ್ಲಿ ಅನೇಕ. ಅಂತಹ ಮನೆಗಳಲ್ಲಿ ಹಟ್ಟಿಯ ಶಾಲೆಯ ಅಡುಗೆಕೋಣೆಯು ಪಾಠದ ಕೊಠಡಿಯಷ್ಟೇ ಮುಖ್ಯವಾದ ಸ್ಥಾನವನ್ನು ಪಡೆದಿರುವುದು ಸಹಜವಾಗಿದೆ.

ಪೂರ್ವೇತಿಹಾಸ

ಧಾತು ಮತ್ತು ಈಶ್ವರ ಸಂವತ್ಸರಗಳ (1876-78) ಮಹಾಕ್ಷಾಮವು ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಐದನೆಯ ಒಂದು ಪಾಲಿನಷ್ಟನ್ನು ಕುಗ್ಗಿಸಿತೆಂದು ಹೇಳಲಾಗಿದೆ. ಚಿತ್ರದುರ್ಗದ ಸೀಮೆಯೂ ಅದರ ಹೊಡೆತಕ್ಕೆ ಸಿಕ್ಕಿತು. ಆ ಕಾಲದಲ್ಲಿ ಸರ್ಕಾರದ ಪರಿಹಾರವು ಗಂಜಿಯ ಕೇಂದ್ರ ಮತ್ತು ಕೂಲಿಯ ಕಾಮಗಾರಿ ಎಂಬ ಎರಡು ಮಾರ್ಗಗಳಲ್ಲಿ ನಡೆಯುತ್ತಿತ್ತೇ ಹೊರತು ಶಾಲೆಗೂ ಅನ್ನಕ್ಕೂ ಯಾವ ಸಂಬಂಧವೂ ಏರ್ಪಟ್ಟಿರಲಿಲ್ಲ. ತರುವಾಯ 1898ರಲ್ಲಿ ಸಂಸ್ಥಾನವನ್ನು ಹೊಕ್ಕ ಪ್ಲೇಗು, 1918ರ ಇನ್‌ಫ್ಲುಯೆಂಜಾ, ಇವು ಊರುಗಳನ್ನು ಬರಿದುಮಾಡಿದುವು. ಆಗ ಶಾಲೆಗಳು ಮುಚ್ಚಿದರೆ ಮಕ್ಕಳಿಗೆ ತಪ್ಪುತ್ತಿದ್ದುದು ಪಾಠ ಮಾತ್ರ. ಮದರಾಸು ನಗರಸಭೆಯು 1920ರ ದಶಕದಲ್ಲಿ ತನ್ನ ಶಾಲೆಗಳ ಬಡ ಮಕ್ಕಳಿಗೆ ಊಟವನ್ನು ಆರಂಭಿಸಿದಾಗಲೂ ಬಯಲುಸೀಮೆಯ ಹಳ್ಳಿಗಳಿಗೆ ಅಂತಹ ಯೋಗ ಒದಗಲಿಲ್ಲ.

1960ರ ದಶಕದಲ್ಲಿ ಅಮೆರಿಕದ ಕೇರ್ ಸಂಸ್ಥೆಯು ಒದಗಿಸಿದ ಗೋಧಿ ರವೆ ಮತ್ತು ಹಾಲಿನ ಪುಡಿಯಿಂದ ಮೈಸೂರು ರಾಜ್ಯದ ಶಾಲೆಗಳಲ್ಲಿ ಉಪ್ಪಿಟ್ಟು ಮತ್ತು ಹಾಲನ್ನು ಕೊಡುವ ಪದ್ಧತಿ ನಡೆಯಿತು. ಆದರೆ ಅದು ಸಹಾಯವಾಗಿದ್ದುದೇ ಹೊರತು ಮಕ್ಕಳ ಹಕ್ಕಾಗಿರಲಿಲ್ಲ. ಸಾಮಗ್ರಿ ಬಂದಾಗ ಒಲೆ ಹತ್ತುತ್ತಿತ್ತು, ನಿಂತಾಗ ಆರುತ್ತಿತ್ತು.

ಧಾನ್ಯದಿಂದ ಬಿಸಿಯೂಟಕ್ಕೆ

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರವು ಪ್ರಾಥಮಿಕ ಶಿಕ್ಷಣಕ್ಕೆ ಪೌಷ್ಟಿಕ ಆಹಾರದ ರಾಷ್ಟ್ರೀಯ ಕಾರ್ಯಕ್ರಮವನ್ನು ಜಾರಿಗೆ ತಂದಿತು. ಕರ್ನಾಟಕವೂ ಸೇರಿದಂತೆ ಬಹುತೇಕ ರಾಜ್ಯಗಳಲ್ಲಿ ಅದು ಬೇಯಿಸಿದ ಅನ್ನದ ರೂಪವನ್ನು ತಾಳದೆ, ಶೇಕಡ 80ರಷ್ಟು ಹಾಜರಿಯುಳ್ಳ ಮಗುವಿಗೆ ತಿಂಗಳಿಗೆ 3 ಕಿಲೋಗ್ರಾಂ ಧಾನ್ಯವನ್ನು ಕೊಟ್ಟು ಕಳುಹಿಸುವ ಕ್ರಮವಾಗಿ ಉಳಿಯಿತು. ಹೀಗೆ ಮನೆಗೆ ಹೋದ ಅಕ್ಕಿಯು ಮನೆಯವರೆಲ್ಲರ ಪಾತ್ರೆಗೆ ಸೇರಿಬಿಡುವುದರಿಂದ ಮಗುವಿನ ಪಾಲು ಎಷ್ಟೆಂಬುದನ್ನು ನಿರ್ಧರಿಸುವುದು ಅಸಾಧ್ಯವೆಂಬ ಆಕ್ಷೇಪ ಬಹುಬೇಗನೆ ಕೇಳಿಬಂದಿತು. ಆಹಾರದ ಹಕ್ಕಿನ ಮೊಕದ್ದಮೆಯೆಂದು ಹೆಸರಾದ ಪಿ.ಯು.ಸಿ.ಎಲ್. ಎಂಬ ನಾಗರಿಕ ಹಕ್ಕುಗಳ ಸಂಸ್ಥೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು ಆಜ್ಞಾಪಿಸಿತು.

ಕರ್ನಾಟಕ ಸರ್ಕಾರವು 2002ರ ಜೂನ್‌ನಲ್ಲಿ ಅಕ್ಷರ ದಾಸೋಹವನ್ನು ಮೊದಲು ರಾಜ್ಯದ ಉತ್ತರ ಭಾಗದ 7 ಜಿಲ್ಲೆಗಳಲ್ಲಿ ಆರಂಭಿಸಿ, 2003ರಲ್ಲಿ ಚಿತ್ರದುರ್ಗವೂ ಸೇರಿದಂತೆ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. 2004ರಲ್ಲಿ 6 ಮತ್ತು 7ನೆಯ ತರಗತಿಗಳೂ, 2007-08ರಲ್ಲಿ ಪ್ರೌಢಶಾಲೆಗಳೂ ಇದರ ವ್ಯಾಪ್ತಿಗೆ ಬಂದುವು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ ಯೋಜನೆಯ ಹಾಲೂ ಸೇರಿತು. 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು ಎಂಬ ಪ್ರಮಾಣದಲ್ಲಿ ಊರಿನ ಮಹಿಳೆಯರೇ ಅಡುಗೆಯವರಾಗಿ ನೇಮಕಗೊಂಡರು. ತಾಲ್ಲೂಕು ಮಟ್ಟದಲ್ಲಿ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರೂ, ಶಾಲೆಯ ಮಟ್ಟದಲ್ಲಿ ಮುಖ್ಯೋಪಾಧ್ಯಾಯರೂ ಶಾಲಾಭಿವೃದ್ಧಿ ಸಮಿತಿಯವರೂ ಮೇಲ್ವಿಚಾರಣೆಯನ್ನು ವಹಿಸಿಕೊಂಡರು.

ಬರಗಾಲದ ಬೇಸಗೆಯೂಟ

ಪಾಠವಿಲ್ಲದ ದಿನಗಳಲ್ಲಿಯೂ ಊಟವನ್ನು ನಡೆಸಬಹುದೆಂಬ ತತ್ತ್ವವನ್ನು ಮೊದಲು ಸ್ಥಾಪಿಸಿದುದು ಬರಗಾಲವೇ. 2004ರ ಏಪ್ರಿಲ್ 20ರ ಆಜ್ಞೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬರಪೀಡಿತ ಪ್ರದೇಶಗಳಲ್ಲಿ ಬೇಸಗೆ ರಜೆಯ ಅವಧಿಯಲ್ಲಿಯೂ ಮಕ್ಕಳಿಗೆ ಬಿಸಿಯೂಟವನ್ನು ಬಡಿಸಬೇಕೆಂದು ವಿಧಿಸಿತು. ರಾಜ್ಯವು ಪ್ರಕಟಿಸುವ ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಚಳ್ಳಕೆರೆ ಮತ್ತು ಮೊಳಕಾಲ್ಮೂರುಗಳ ಹೆಸರು ಪದೇ ಪದೇ ಕಾಣಿಸಿಕೊಳ್ಳುವುದರಿಂದ, ಪಾಠಪಟ್ಟಿಯೊಡನೆ ಅಡುಗೆಯೊಲೆಗೆ ಇದ್ದ ಗಂಟು ಇಲ್ಲಿ ರೋಗ ಬರುವ ಮುನ್ನವೇ ಸಡಿಲಗೊಂಡಿತ್ತೆಂದು ಹೇಳಬಹುದು. ಆದರೆ ಬರದ ಪರಿಹಾರಕ್ಕೂ ರೋಗದ ಪರಿಹಾರಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ: ಬರಗಾಲವು ಮಕ್ಕಳನ್ನು ಒಂದೆಡೆ ಕೂಡಿಸಿ ಉಣಬಡಿಸಲು ಆಸ್ಪದ ಕೊಡುತ್ತದೆ; ಸಾಂಕ್ರಾಮಿಕವು ಹಾಗೆ ಕೂಡುವುದನ್ನೇ ನಿಷೇಧಿಸುತ್ತದೆ.

ಶಾಸನದ ಆಧಾರ

2013ರ ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮವು ಶಾಲೆಯ ಮಧ್ಯಾಹ್ನದ ಊಟವನ್ನು ಶಾಸನಬದ್ಧ ಹಕ್ಕನ್ನಾಗಿ ಮಾಡಿತು. ಅದರ ಅನುಸಾರವಾಗಿ 2015ರಲ್ಲಿ ಹೊರಟ ನಿಯಮಗಳು, ಯಾವುದೇ ಕಾರಣದಿಂದ ಶಾಲೆಯ ದಿನದಂದು ಊಟ ದೊರೆಯದೆ ಹೋದರೆ ಅದಕ್ಕೆ ತಕ್ಕಷ್ಟು ಧಾನ್ಯವನ್ನೂ ಅಡುಗೆಯ ವೆಚ್ಚವನ್ನೂ ಆಹಾರ ಭದ್ರತಾ ಭತ್ಯೆಯಾಗಿ ಕೊಡಬೇಕೆಂದು ವಿಧಿಸಿದುವು. ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಹಿರಿಯ ಪ್ರಾಥಮಿಕ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಎಂಬುದು ನಿಗದಿಯಾದ ಪ್ರಮಾಣ.

2020-21ರ ವಿಪತ್ತು

2020ರ ಮಾರ್ಚ್ ಮಧ್ಯಭಾಗದಲ್ಲಿ ಕರ್ನಾಟಕದ ಶಾಲೆಗಳು ಮುಚ್ಚಿದುವು. ಮಾರ್ಚ್ 18ರಂದು ಸರ್ವೋಚ್ಚ ನ್ಯಾಯಾಲಯವು ಮಧ್ಯಾಹ್ನದ ಊಟ ನಿಂತುಹೋದ ವಿಷಯವನ್ನು ಸ್ವಯಂಪ್ರೇರಣೆಯಿಂದ ಕೈಗೆತ್ತಿಕೊಂಡು ಎಲ್ಲ ರಾಜ್ಯಗಳಿಗೂ ನೋಟೀಸು ನೀಡಿತು. ಮಾರ್ಚ್ 20ರಂದು ಶಿಕ್ಷಣದ ಹೊಣೆ ಹೊತ್ತ ಕೇಂದ್ರ ಸಚಿವಾಲಯವು ಬೇಯಿಸಿದ ಊಟವನ್ನಾಗಲಿ ಭತ್ಯೆಯನ್ನಾಗಲಿ ಒದಗಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಮೇಲೆ ಬೇಯಿಸಿದ ಊಟದ ಮಾತು ಹಿಂದೆ ಸರಿದು, ಕರ್ನಾಟಕವು ಅಕ್ಕಿ, ಬೇಳೆ ಮುಂತಾದ ಪಡಿ ಪದಾರ್ಥಗಳನ್ನು ಹಂಚುವ ಮಾರ್ಗವನ್ನು ಹಿಡಿಯಿತು.

ಹಂಚಿಕೆಯ ವಿಧಾನವು ಸರಳವಾದುದು. ಶಾಲಾ ದಿನಗಳ ಲೆಕ್ಕ ಹಿಡಿದು ಪ್ರತಿ ಮಗುವಿನ ಪಾಲನ್ನು ತೂಗಿ, ಪೋಷಕರನ್ನು ಶಾಲೆಗೆ ಕರೆಯಿಸಿ, ಅಂತರವನ್ನು ಕಾಯ್ದುಕೊಂಡು ಸಹಿ ಪಡೆದು ವಿತರಿಸುವುದು. 20 ಶಾಲಾ ದಿನಗಳಿಗೆ ಕಿರಿಯ ಮಗುವಿಗೆ 2 ಕಿಲೋಗ್ರಾಂ, ಹಿರಿಯ ಮಗುವಿಗೆ 3 ಕಿಲೋಗ್ರಾಂ ಧಾನ್ಯ ಸಲ್ಲಬೇಕಾಗುತ್ತದೆ. ಆದರೆ ಧಾನ್ಯವು ತಿಂಗಳು ತಿಂಗಳೂ ಬಾರದೆ ಹಲವು ತಿಂಗಳುಗಳ ಪಾಲು ಒಮ್ಮೆಗೇ ತಡವಾಗಿ ಬರುವಂತಾಯಿತು. ಈ ವಿಳಂಬವನ್ನು ರಾಜ್ಯದ ಉಚ್ಚ ನ್ಯಾಯಾಲಯವು ಸಾರ್ವಜನಿಕ ಹಿತಾಸಕ್ತಿಯ ಅರ್ಜಿಗಳ ವಿಚಾರಣೆಯಲ್ಲಿ ಪ್ರಶ್ನಿಸಿತು. 2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮವೆಂಬ ಕಲಿಕಾ ಕಾರ್ಯಕ್ರಮವು ಪಾಠವನ್ನು ಜಗಲಿಗಳಿಗೂ ಗುಡಿಯಂಗಳಗಳಿಗೂ ಕೊಂಡೊಯ್ದರೂ ಊಟವನ್ನು ಕೊಂಡೊಯ್ಯಲಿಲ್ಲ. ಅಕ್ಟೋಬರ್‌ನಲ್ಲಿ ಅದೂ ತಾತ್ಕಾಲಿಕವಾಗಿ ಸ್ಥಗಿತಗೊಂಡಿತು. 2021ರ ಮೇ ತಿಂಗಳಲ್ಲಿ ಕೇಂದ್ರವು ಅಡುಗೆ ವೆಚ್ಚದ ಭಾಗವಾಗಿ ದೇಶದ ಸುಮಾರು 11.8 ಕೋಟಿ ಮಕ್ಕಳಿಗೆ ಒಂದು ಬಾರಿಯ ನಗದು ನೆರವನ್ನು ಪ್ರಕಟಿಸಿತು. ಅದರ ಮೊತ್ತ ತಲಾ 100 ರೂಪಾಯಿಯ ಸುಮಾರಿನದು.

ಅನ್ಯ ದೇಶ ಮತ್ತು ರಾಜ್ಯಗಳಲ್ಲಿ

ವಿಶ್ವ ಆಹಾರ ಕಾರ್ಯಕ್ರಮದ ಅಂದಾಜಿನಂತೆ 2020ರಲ್ಲಿ ಜಗತ್ತಿನ ಸುಮಾರು 37 ಕೋಟಿ ಮಕ್ಕಳಿಗೆ ಶಾಲೆಯ ಊಟ ತಪ್ಪಿತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪೊಟ್ಟಣದ ಊಟವೂ ಕುಟುಂಬಗಳಿಗೆ ಖರೀದಿಯ ಕಾರ್ಡೂ, ಇಂಗ್ಲೆಂಡಿನಲ್ಲಿ ಖರೀದಿಯ ಚೀಟಿಗಳೂ, ಕೇರಳದಲ್ಲಿ ಆಹಾರದ ಕಿಟ್ಟುಗಳೂ ಬಳಕೆಗೆ ಬಂದುವು.

ಪುನರಾರಂಭ ಮತ್ತು ತರುವಾಯದ ಬೆಳವಣಿಗೆ

2021ರ ಆಗಸ್ಟ್ 23ರಂದು ಪ್ರೌಢ ತರಗತಿಗಳೂ, ಸೆಪ್ಟೆಂಬರ್ 6ರಂದು 6ರಿಂದ 8ನೆಯ ತರಗತಿಗಳೂ, ಅಕ್ಟೋಬರ್ 25ರಂದು ಉಳಿದ ಕಿರಿಯ ತರಗತಿಗಳೂ ತೆರೆದುವು. ಬಿಸಿಯೂಟವೂ ಆ ಶರತ್ಕಾಲದಲ್ಲಿ ಹಂತಹಂತವಾಗಿ ಮರಳಿತು. ಸೆಪ್ಟೆಂಬರ್ ಅಂತ್ಯದಲ್ಲಿ ಕೇಂದ್ರದ ಯೋಜನೆಗೆ ಪಿ.ಎಂ. ಪೋಷಣ್ ಎಂಬ ಹೊಸ ಹೆಸರು ಬಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ ಮೊದಲಾದ ಮೊಟ್ಟೆಯ ವಿತರಣೆಯು ಮುಂದಿನ ಶಾಲಾ ವರ್ಷದಲ್ಲಿ ಚಿತ್ರದುರ್ಗವೂ ಸೇರಿದಂತೆ ರಾಜ್ಯಕ್ಕೆಲ್ಲ ವ್ಯಾಪಿಸಿತು. 2024ರ ತೀವ್ರ ಬರದಲ್ಲಿ ಬೇಸಗೆಯ ಊಟವೂ ಮತ್ತೆ ನಡೆಯಿತು.

ವಿಮರ್ಶೆ

ಸಾಂಕ್ರಾಮಿಕವು ಶಾಲಾ ಭೋಜನವನ್ನು 1995ರ ಧಾನ್ಯಪದ್ಧತಿಗೆ ಹಿಂದಿರುಗಿಸಿತು. ಆ ಪದ್ಧತಿಯ ದೋಷವೂ ಅದರೊಡನೆಯೇ ಹಿಂದಿರುಗಿತು. ಅಕ್ಕಿ ಮತ್ತು ಬೇಳೆ ಮನೆಗೆ ಬಂದುವೆಂಬುದು ಕಷ್ಟದ ಕಾಲದಲ್ಲಿ ಅಲ್ಪವಾದ ಉಪಕಾರವಲ್ಲ. ಆದರೆ ತರಕಾರಿ ಮತ್ತು ಬಿಸಿ ಹಾಲು, ಶಾಲೆಯಲ್ಲಿ ನುಂಗಿಸುತ್ತಿದ್ದ ಕಬ್ಬಿಣಾಂಶದ ಮಾತ್ರೆ, ಜಾತಿಯ ಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಅಭ್ಯಾಸ, ಇವುಗಳಲ್ಲಿ ಯಾವುದೂ ಚೀಲದಲ್ಲಿ ತೂಗಿ ಕೊಡಬಹುದಾದುದಲ್ಲ. ಗುಳೆ ಹೋದ ಕುಟುಂಬದ ಮಗುವಿಗಂತೂ ಊರಿನ ಶಾಲೆಯಲ್ಲಿ ಹಂಚಿದ ಧಾನ್ಯವು ದೂರದ ವಸ್ತುವೇ ಸರಿ. ಆದುದರಿಂದ ಶಾಲೆ ಮುಚ್ಚಿದ ಕಾಲದಲ್ಲಿ ಧಾನ್ಯದ ಭತ್ಯೆಯನ್ನು ಕನಿಷ್ಠ ರಕ್ಷಣೆಯೆಂದು ಎಣಿಸಬೇಕೇ ಹೊರತು ಊಟಕ್ಕೆ ಸಮಾನವೆಂದು ಎಣಿಸಲಾಗದು. ಬರಗಾಲದ ಬೇಸಗೆಗೆಂದು ಊಟವನ್ನು ಯೋಜಿಸುವಂತೆಯೇ ರೋಗದ ಕಾಲಕ್ಕೂ ವಿತರಣೆಯ ದಿನಾಂಕ, ಪ್ರಮಾಣ ಮತ್ತು ಹೊಣೆಗಾರರನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳುವುದು ಈ ಇತಿಹಾಸದಿಂದ ಆಡಳಿತವು ಕಲಿಯಬೇಕಾದ ಪಾಠವಾಗಿದೆ.